ಅಂಗಳಕ್ಕೆ ಕಲ್ಲು ಹಾಸುವ ಮುನ್ನ

ಗೃಹಪ್ರವೇಶಕ್ಕೆ ಇನ್ನು ನಾಲ್ಕೇ ದಿನ ಎನ್ನುವಾಗ ಮನೆಯ ಯಜಮಾನರಿಗೆ ಅಂಗಳದ ನೆನಪಾಗುತ್ತದೆ. ಅಷ್ಟು ಹೊತ್ತಿಗೆ ಬ್ಯಾಂಕ್ ಸಾಲದ ಕೊನೆಯ ಕಂತೂ ಕರಗಿರುತ್ತದೆ, ಪತ್ರಿಕೆ ಹಂಚಿ ಆಗಿರುತ್ತದೆ, ಶಾಮಿಯಾನದವನು ಕಂಬ ಎಲ್ಲಿ ನೆಡಲಿ ಎಂದು ಕೇಳುತ್ತಿರುತ್ತಾನೆ. ಗೇಟಿನಿಂದ ಬಾಗಿಲವರೆಗೆ ಇಟ್ಟಿಗೆ ಚೂರು, ಗಟ್ಟಿಯಾದ ಸಿಮೆಂಟು, ಖಾಲಿ ಬಣ್ಣದ ಡಬ್ಬಿ. ಅದರ ಮೇಲೆಯೇ ಒಂದು ಟ್ರ್ಯಾಕ್ಟರ್ ಲೋಡು ಕ್ರಷರ್ ಪುಡಿ ಸುರಿದು, ಎಳೆದು, ಎರಡು ದಿನದಲ್ಲಿ ಇಂಟರ್‌ಲಾಕ್ ಜೋಡಿಸಿ ಕೈ ತೊಳೆದುಕೊಳ್ಳುತ್ತಾರೆ. ಗೃಹಪ್ರವೇಶದ ಫೋಟೊಗಳಲ್ಲಿ ಅಂಗಳ ಚೆನ್ನಾಗಿಯೇ ಕಾಣುತ್ತದೆ. ಮುಂದಿನ ಮುಂಗಾರು ಮುಗಿಯುವಷ್ಟರಲ್ಲಿ ಸಂಪಿನ ಪಕ್ಕ ಒಂದು ತಗ್ಗು, ಕಾರಿನ ಚಕ್ರ ಹಾಯುವ ಕಡೆ ಎರಡು ಗೆರೆ, ಮೆಟ್ಟಿಲ ಬುಡದಲ್ಲಿ ಸೊಳ್ಳೆ ಮೊಟ್ಟೆಯಿಡುವಷ್ಟು ನೀರು.

ಆಗ ಬೈಗುಳ ಬೀಳುವುದು ಬ್ಲಾಕ್ ಮಾರಿದವನಿಗೆ. ಪಾಪ, ಅವನ ತಪ್ಪು ಅದರಲ್ಲಿ ಬಹಳ ಕಡಿಮೆ. ಅಂಗಳ ಕೆಡುವುದು ಅಡಿಯ ಮಣ್ಣು ಕೂರುವುದರಿಂದ, ಮೇಲಿನ ನೀರಿಗೆ ಹೋಗಲು ದಾರಿಯಿಲ್ಲದ್ದರಿಂದ. ಈ ಎರಡನ್ನು ಮೊದಲೇ ಇತ್ಯರ್ಥ ಮಾಡಿಕೊಂಡವರಿಗೆ ಯಾವ ಕಲ್ಲಾದರೂ ನಡೆಯುತ್ತದೆ. ಮಾಡಿಕೊಳ್ಳದವರಿಗೆ ಗ್ರಾನೈಟೂ ಕೈಕೊಡುತ್ತದೆ. ನಾವು ಮಾತ್ರ ಅಂಗಡಿಗೆ ಹೋಗಿ ಮೊದಲು ಬಣ್ಣ ಆರಿಸುತ್ತೇವೆ, ಆಮೇಲೆ ದರ ಕೇಳುತ್ತೇವೆ, ಕೊನೆಗೆ ಮೇಸ್ತ್ರಿಯನ್ನು ಕರೆಯುತ್ತೇವೆ. ನೀರಿನ ಸುದ್ದಿ ಮಳೆ ಬಂದಾಗಲೇ.

ಎಷ್ಟು ಜಾಗಕ್ಕೆ ಹಾಸಬೇಕು ಎಂಬುದೇ ಮೊದಲ ಪ್ರಶ್ನೆ. ಕಾಂಪೌಂಡಿನ ಈ ಗೋಡೆಯಿಂದ ಆ ಗೋಡೆಯವರೆಗೆ ಒಂದು ಗೇಣು ಮಣ್ಣೂ ಕಾಣದಂತೆ ಮುಚ್ಚುವುದು ಈಗಿನ ರೂಢಿ. ‘ಗುಡಿಸೋಕೆ ಸುಲಭ, ಹಾವೂ ಬರಲ್ಲ’ ಎಂಬ ಎರಡು ಕಾರಣ ಎಲ್ಲರ ಬಾಯಲ್ಲೂ ಇರುತ್ತವೆ. ಗುಡಿಸುವ ಮಾತು ಒಪ್ಪತಕ್ಕದ್ದೇ. ಹಾವು ಮಾತ್ರ ಇಲಿಯ ಜಾಡು ಹಿಡಿದು ಬರುತ್ತದೆ, ಅದಕ್ಕೆ ನೆಲಕ್ಕೆ ಏನು ಹಾಸಿದ್ದೀರಿ ಎಂಬುದು ಬೇಕಿಲ್ಲ. ನನ್ನ ಕೇಳಿದರೆ, ಕಾಲು ತುಳಿಯುವಷ್ಟಕ್ಕೆ ಕಲ್ಲು, ಉಳಿದದ್ದಕ್ಕೆ ಮಣ್ಣು. ಸುಣ್ಣದ ಪುಡಿಯಲ್ಲಿ ಗೆರೆ ಎಳೆದು, ಅದರೊಳಗೆ ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಒಂದು ಸ್ಕೂಟರು ತಂದು ನಿಲ್ಲಿಸಿ ನೋಡಿ. ನಾಲ್ಕು ಜನ ಕೂತು, ಒಬ್ಬರು ಕಾಫಿ ತಟ್ಟೆ ಹಿಡಿದು ಹಿಂದಿನಿಂದ ಹಾಯಲು ಹತ್ತಡಿಗೆ ಹತ್ತಡಿ, ಅಂದರೆ ಮೇಸ್ತ್ರಿಗಳ ಲೆಕ್ಕದಲ್ಲಿ ಒಂದು ಚದರ ಸಾಕು. ಕಾರು ನಿಲ್ಲುವ ಜಾಗ ಬೇರೆ; ಅದರ ಬುನಾದಿಯೂ ಬೇರೆ.

ಬಾಗಿಲ ಮುಂದೆ ರಂಗೋಲಿ ಇಡುವ ಮನೆಯಾದರೆ ಅದಕ್ಕೊಂದು ನಯವಾದ ಚಪ್ಪಡಿ ಬೇಕೇ ಬೇಕು. ಇಂಟರ್‌ಲಾಕಿನ ಸಂದುಗಳ ಮೇಲೆ ಚುಕ್ಕಿಯಿಟ್ಟರೆ ಎಳೆ ಮುರಿಯುತ್ತದೆ, ಪುಡಿಯೆಲ್ಲ ಸಂದಿಗೆ ಇಳಿಯುತ್ತದೆ. ಬೆಳಗ್ಗೆ ಎದ್ದು ನೀರು ಹಾಕಿ ಸಾರಿಸುವವರನ್ನು ಒಂದು ಮಾತೂ ಕೇಳದೆ ಅಂಗಳದ ನಕ್ಷೆ ಬರೆಸುವ ಗಂಡಸರಿಗೆ ಇದು ಹಬ್ಬದ ದಿನ ಗೊತ್ತಾಗುತ್ತದೆ. ಮೂರಡಿಗೆ ಮೂರಡಿಯ ಬೂದು ಗ್ರಾನೈಟನ್ನು ಹೊಸ್ತಿಲ ಎದುರಿಗೆ ಕೂರಿಸಿದರೆ ಮುಗಿಯಿತು. ಸಂಡಿಗೆ, ಹಪ್ಪಳ, ಮೆಣಸಿನಕಾಯಿ ಒಣಗಿಸುವವರಿಗೂ ಅಂಥದ್ದೇ ಒಂದು ಜಾಗ, ಮಧ್ಯಾಹ್ನದ ಬಿಸಿಲು ಬೀಳುವ ಕಡೆ, ಬೇಕಾಗುತ್ತದೆ.

ಇನ್ನು ನೀರಿನ ಲೆಕ್ಕ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಸುರಿದರೆ ಒಂದು ಲೀಟರ್ ನೀರು. ಇಪ್ಪತ್ತಡಿ ಉದ್ದ, ಹದಿನೈದಡಿ ಅಗಲದ ಅಂಗಳ ಎಂದರೆ 300 ಚದರ ಅಡಿ, ಸುಮಾರು 28 ಚದರ ಮೀಟರ್. ಬೆಂಗಳೂರಿನಲ್ಲಿ ಒಂದು ಸಂಜೆ 50 ಮಿ.ಮೀ. ಮಳೆ ಹೊಡೆದರೆ ಇಷ್ಟೇ ಅಂಗಳದ ಮೇಲೆ 1,400 ಲೀಟರ್ ಬೀಳುತ್ತದೆ. ಏಳು ಬ್ಯಾರಲ್ ನೀರು. ಮಣ್ಣಿದ್ದಾಗ ಅದರಲ್ಲಿ ಒಂದು ಪಾಲು ಇಂಗುತ್ತಿತ್ತು. ಸಿಮೆಂಟಿನಲ್ಲಿ ಕೂರಿಸಿದ ಕಲ್ಲಿನ ಮೇಲೆ ಹೆಚ್ಚುಕಡಿಮೆ ಎಲ್ಲವೂ ಹರಿಯುತ್ತದೆ. ಅದು ಎಲ್ಲಿಗೆ ಹೋಗಬೇಕು? ರಸ್ತೆಗೆ ಎಂದರೆ ನಾಳೆ ತಗ್ಗಿನ ಮನೆಯವರ ಹೊಸ್ತಿಲಿಗೆ. ಪಕ್ಕದ ಸೈಟಿಗೆ ಎಂದರೆ ಜಗಳ. ಕೆಲವರು ಸದ್ದಿಲ್ಲದೆ ಒಳಚರಂಡಿಯ ಚೇಂಬರಿಗೆ ಜಾಲರಿ ಕೂರಿಸಿ ಅದರೊಳಕ್ಕೆ ಬಿಡುತ್ತಾರೆ. ಅದಕ್ಕೆ ಅನುಮತಿ ಇಲ್ಲ. ಜೋರು ಮಳೆಯ ದಿನ ಯಾರದೋ ಬಚ್ಚಲಲ್ಲಿ ಹೊಲಸು ಉಕ್ಕುವುದಕ್ಕೆ ಒಂದು ಕಾರಣವೂ ಇದೇ.

ಬೆಂಗಳೂರಿನಲ್ಲಿ 2009ರ ಕಾನೂನು ತಿದ್ದುಪಡಿಯಿಂದ ಮಳೆನೀರು ಕೊಯ್ಲು ಕಡ್ಡಾಯವಾಯಿತು. ಚಾವಣಿಯನ್ನಷ್ಟೇ ಅಲ್ಲ, ಹಾಸಿ ಮುಚ್ಚಿದ ಅಂಗಳವನ್ನೂ ಅದರ ಲೆಕ್ಕಕ್ಕೆ ಹಿಡಿಯುತ್ತಾರೆ ಎಂಬುದು ಬಹಳ ಮನೆಗಳವರಿಗೆ ಗೊತ್ತಿಲ್ಲ. ಅಂಗಳದ ತಗ್ಗಿನ ತುದಿಯಲ್ಲಿ ಒಂದು ಇಂಗುಬಾವಿ ತೋಡಿಸುವುದು ಇದಕ್ಕೆ ನೇರ ದಾರಿ. ಮೂರಡಿ ಅಗಲ, ಇಪ್ಪತ್ತಡಿ ಆಳ, ಒಳಗೆ ಕಾಂಕ್ರೀಟ್ ರಿಂಗುಗಳು. ತಳಕ್ಕೆ ಸಿಮೆಂಟ್ ಹಾಕುವುದಿಲ್ಲ. ಅದರಲ್ಲಿ ಸುಮಾರು 4,000 ಲೀಟರ್ ಹಿಡಿಯುತ್ತದೆ. ತಲೆಮಾರುಗಳಿಂದ ಬಾವಿ ತೋಡಿಕೊಂಡು ಬಂದ ಮಣ್ಣುವಡ್ಡರು ಈಗ ನಗರದಲ್ಲಿ ಇದೇ ಕೆಲಸ ಮಾಡುತ್ತಿದ್ದಾರೆ. ಕಲ್ಲು ಹಾಸಿದ ಮೇಲೆ ತೋಡಿಸುವುದೆಂದರೆ ಎರಡು ಖರ್ಚು, ಆದ್ದರಿಂದ ಬಾವಿ ಮೊದಲು. ಕರಾವಳಿಯ ಮಳೆಗೆ ಈ ಅಳತೆ ಸಾಲದು. ಮಂಗಳೂರಿನ ಕಡೆ ವರ್ಷಕ್ಕೆ 3,500 ಮಿ.ಮೀ. ದಾಟುತ್ತದೆ, ಅಲ್ಲಿ ಅಂಗಳದ ಸುತ್ತ ತೆರೆದ ಕಣಿ ತೋಡಿ ತೋಟದ ಕಡೆಗೆ ಬಿಡುವ ಹಳೇ ಪದ್ಧತಿಯೇ ಸರಿ.

ನೀರು ಎಲ್ಲಿಗೆ ಹೋಗಬೇಕೆಂದು ಗೊತ್ತಾದರೆ ಅಂಗಳದ ಮಟ್ಟ ತಾನೇ ತೀರ್ಮಾನವಾಗುತ್ತದೆ. ಎರಡು ವಿಷಯಕ್ಕೆ ರಾಜಿ ಬೇಡ. ಒಂದು, ಹಾಸಿದ ಮೇಲಿನ ಮಟ್ಟ ಮನೆಯೊಳಗಿನ ನೆಲಕ್ಕಿಂತ ಕನಿಷ್ಠ ಆರು ಇಂಚು ಕೆಳಗಿರಬೇಕು. ಇಲ್ಲವಾದರೆ ಚಿಮ್ಮುವ ಮಳೆನೀರನ್ನು ಗೋಡೆ ಕುಡಿದು ಒಳಗಿನ ಬಣ್ಣ ಉಬ್ಬುತ್ತದೆ. ಹಳೇ ಅಂಗಳದ ಮೇಲೆಯೇ ಹೊಸ ಕಲ್ಲು ಹಾಸಿಸುವವರು ಎಡವುವುದು ಇಲ್ಲೇ. ಎರಡು, ಮನೆಯಿಂದ ಹೊರಕ್ಕೆ ಓಟ ಇರಬೇಕು. ಹತ್ತಡಿಗೆ ಒಂದೂಕಾಲು ಇಂಚು ಎಂಬುದು ಅತಿ ಕಡಿಮೆ. ಒರಟು ಮೈಯ ಕಲ್ಲಿಗೆ ಎರಡು ಇಂಚು ಒಳ್ಳೆಯದು. ಹದಿನೈದಡಿ ಅಗಲದ ಅಂಗಳದಲ್ಲಿ ಗೋಡೆಯ ಬುಡಕ್ಕೂ ತುದಿಗೂ ಎರಡರಿಂದ ಮೂರು ಇಂಚಿನ ವ್ಯತ್ಯಾಸ ಬಂದೀತು. ಕಣ್ಣಿಗೆ ಅದು ಕಾಣುವುದೇ ಇಲ್ಲ. ನೀರಿಗೆ ಕಾಣುತ್ತದೆ.

ಈ ಮಟ್ಟ ಹಿಡಿಯಲು ಲೇಸರ್ ಯಂತ್ರವೇನೂ ಬೇಡ. ಮೇಸ್ತ್ರಿಯ ಹತ್ತಿರ ಮೂವತ್ತಡಿ ಉದ್ದದ ಪಾರದರ್ಶಕ ಪೈಪು ಇರುತ್ತದೆ. ಅದಕ್ಕೆ ನೀರು ತುಂಬಿಸಿ, ಒಂದು ತುದಿಯನ್ನು ಹುಡುಗನೊಬ್ಬ ಗೋಡೆಗೆ ಹಿಡಿಯುತ್ತಾನೆ, ಇನ್ನೊಂದು ತುದಿ ಮೇಸ್ತ್ರಿಯ ಕೈಲಿ ಕಾಂಪೌಂಡಿನ ಹತ್ತಿರ. ‘ಬಿಡು... ಹಿಡಿ... ಸ್ವಲ್ಪ ಎತ್ತು... ನಿಂತ್ತಾ?’ ನೀರು ತೂಗಾಡಿ ನಿಂತ ಕಡೆ ಪೆನ್ಸಿಲ್ ಗುರುತು. ಎರಡೂ ಗುರುತು ಕರಾರುವಾಕ್ಕಾಗಿ ಒಂದೇ ಮಟ್ಟ. ಅಲ್ಲಿಂದ ಹೊರಗಿನ ಗುರುತನ್ನು ಬೇಕಾದಷ್ಟು ಇಂಚು ಕೆಳಗಿಳಿಸಿ, ಮೊಳೆ ಹೊಡೆದು ನೂಲು ಕಟ್ಟಿದರೆ ಅದೇ ಅಂಗಳದ ಓಟ. ನೋಡಬೇಕಾದ್ದು ಒಂದೇ: ಪೈಪಿನೊಳಗೆ ಗಾಳಿಗುಳ್ಳೆ ಸಿಕ್ಕಿಕೊಂಡಿರಬಾರದು. ಗುಳ್ಳೆಯಿದ್ದರೆ ಎರಡು ತುದಿಯ ನೀರು ಸುಳ್ಳು ಹೇಳುತ್ತದೆ. ಮೂಲೆ ಚೌಕ ಹಿಡಿಯಲು ಮೂರು-ನಾಲ್ಕು-ಐದರ ಲೆಕ್ಕ. ಒಂದು ಬದಿಗೆ ಮೂರಡಿ, ಇನ್ನೊಂದಕ್ಕೆ ನಾಲ್ಕಡಿ ಗುರುತು ಮಾಡಿ. ಅಡ್ಡಲಾಗಿ ಐದಡಿ ಬಂದರೆ ಮೂಲೆ ನೆಟ್ಟಗಿದೆ.

ಮಣ್ಣಿನ ವಿಷಯದಲ್ಲಿ ನಮ್ಮ ರಾಜ್ಯ ಒಂದೇ ರೀತಿಯಿಲ್ಲ. ಕೋಲಾರ, ತುಮಕೂರಿನ ಕೆಂಪು ಮಣ್ಣು ಗಟ್ಟಿಯಾಗಿ ಕೂರುತ್ತದೆ, ಹೆಚ್ಚು ತಕರಾರಿಲ್ಲ. ಗದಗ, ವಿಜಯಪುರ, ಕಲಬುರಗಿಯ ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಅದರ ಮೇಲೆ ನೇರ ಕಲ್ಲು ಹಾಸಿದರೆ ಒಂದೇ ವರ್ಷದಲ್ಲಿ ಅಂಗಳ ಏರುತಗ್ಗು. ಅಲ್ಲಿ ಒಂದರಿಂದ ಎರಡಡಿ ಎರೆ ತೆಗೆದು ಗರಸು ತುಂಬಿಸಿ ದಮ್ಮಸು ಹೊಡೆಸುವುದನ್ನು ಬಿಟ್ಟರೆ ಬೇರೆ ದಾರಿ ಇಲ್ಲ. ಇನ್ನೊಂದು ತೊಂದರೆ ಎಲ್ಲ ಕಡೆಯೂ ಇದ್ದದ್ದೇ. ಹೊಸ ಮನೆಯ ಅಡಿಪಾಯದ ಪಕ್ಕ, ಸಂಪಿನ ಸುತ್ತ ತುಂಬಿದ ಮಣ್ಣು ಸಡಿಲವಾಗಿರುತ್ತದೆ. ಕೆಲಸ ಬಲ್ಲ ಮೇಸ್ತ್ರಿಗಳು ‘ಒಂದು ಮಳೆಗಾಲ ಕಳೀಲಿ ಸಾರ್’ ಎನ್ನುವುದು ಸೋಮಾರಿತನದಿಂದಲ್ಲ. ಅಷ್ಟು ಕಾಯಲಾಗದವರು ಆರಾರು ಇಂಚಿನ ಪದರವಾಗಿ ಮಣ್ಣು ತುಂಬಿಸಿ, ಪ್ರತಿ ಪದರಕ್ಕೂ ನೀರು ಹೊಡೆದು ದಮ್ಮಸು ಮಾಡಿಸಬೇಕು. ಗೃಹಪ್ರವೇಶದ ದಿನಕ್ಕೆ ಸಗಣಿ ಸಾರಿಸಿ ರಂಗೋಲಿ ಹಾಕಿದ ಮಣ್ಣಿನ ಅಂಗಳ ಏನೂ ಕಡಿಮೆಯಾಗಿ ಕಾಣುವುದಿಲ್ಲ.

ಗಟ್ಟಿ ನೆಲದ ಮೇಲೆ ಜಲ್ಲಿಯ ಹಾಸು. ನಡೆದಾಡುವ ಜಾಗಕ್ಕೆ ನಾಲ್ಕರಿಂದ ಐದು ಇಂಚು, ಕಾರು ಬರುವಲ್ಲಿ ಆರರಿಂದ ಎಂಟು. ಒಂದೇ ಗಾತ್ರದ ಜಲ್ಲಿ ಸುರಿದರೆ ಉರುಳಾಡುತ್ತಿರುತ್ತದೆ. ದಪ್ಪ, ಸಣ್ಣ, ಪುಡಿ ಎಲ್ಲ ಬೆರೆತದ್ದು ಕಚ್ಚಿಕೊಂಡು ಕೂರುತ್ತದೆ. ಇಲ್ಲಿ ಉಳಿಸಿದ ಹಣ ಮೂರು ವರ್ಷದಲ್ಲಿ ಎರಡರಷ್ಟಾಗಿ ಕೈಬಿಡುತ್ತದೆ. ಕಂಟ್ರಾಕ್ಟರು ಕೊಡುವ ದರಪಟ್ಟಿಯಲ್ಲಿ ‘ಬ್ಲಾಕ್ ಅಳವಡಿಕೆ ಸೇರಿ’ ಎಂದಷ್ಟೇ ಇದ್ದರೆ, ಅಡಿಯಲ್ಲಿ ಏನು, ಎಷ್ಟು ಇಂಚು ಎಂದು ಬರೆಸಿಕೊಳ್ಳಿ.

ಈಗ ಕಲ್ಲಿನ ಮಾತು. ಕರ್ನಾಟಕದಲ್ಲಿ ಹುಟ್ಟಿದವರಿಗೆ ಇದರಲ್ಲಿ ಇರುವಷ್ಟು ಭಾಗ್ಯ ಬಹಳ ಕಡೆ ಇಲ್ಲ. ಕಲಬುರಗಿ ಜಿಲ್ಲೆಯ ಶಹಾಬಾದ್, ಚಿತ್ತಾಪುರ, ಸೇಡಂ ಸುತ್ತಿನ ಸುಣ್ಣದ ಕಲ್ಲು ಪದರ ಪದರವಾಗಿಯೇ ಭೂಮಿಯಲ್ಲಿ ಮಲಗಿದೆ. ಸಲಾಕೆ ಹಾಕಿ ಎಬ್ಬಿಸಿದರೆ ಹಲಗೆಯಂತೆ ಎದ್ದು ಬರುತ್ತದೆ. ಉತ್ತರ ಕರ್ನಾಟಕದವರು ಪರಸಿ ಎನ್ನುವುದು ಇದನ್ನೇ. ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳು ಅರೆಯುವುದೂ ಇದೇ ಬಗೆಯ ಕಲ್ಲನ್ನು. ಬೂದು ಬಣ್ಣ, ಬೆಲೆ ಕಡಿಮೆ, ಬರಿಗಾಲಿಗೆ ಹಿತ. ಆದರೆ ಸುಣ್ಣದ ಕಲ್ಲಿಗೂ ಆಮ್ಲಕ್ಕೂ ಆಗಿಬರುವುದಿಲ್ಲ. ಅಂಗಡಿಯಿಂದ ಒಂದು ಚೂರು ತಂದು ಅದರ ಮೇಲೆ ಟಾಯ್ಲೆಟ್ ತೊಳೆಯುವ ಆಸಿಡ್ ಒಂದು ಹನಿ ಬಿಟ್ಟು ನೋಡಿ: ಚುಸ್ ಎಂದು ನೊರೆ ಏಳುತ್ತದೆ, ಒರೆಸಿದರೆ ಅಲ್ಲಿ ಮಂಕು ಕಲೆ. ಗ್ರಾನೈಟಿನ ಮೇಲೆ ಅದೇ ಹನಿ ಸುಮ್ಮನೆ ಕೂತಿರುತ್ತದೆ. ಹೀಗಾಗಿ ಪರಸಿ ಹಾಸಿದ ಅಂಗಳವನ್ನು ಆಸಿಡ್‌ನಲ್ಲಿ ತೊಳೆಯುವಂತಿಲ್ಲ, ಹುಣಸೆಹಣ್ಣು ಕಿವುಚುವ ಜಾಗವೂ ಅದಾಗಬಾರದು. ಆಂಧ್ರದ ಕಡಪ ಕಲ್ಲೂ ಇದೇ ಜಾತಿ. ಅದರ ಕಪ್ಪು ಬಣ್ಣ ಬೇರೆ ಬಿಸಿಲನ್ನೆಲ್ಲ ಹೀರಿಕೊಳ್ಳುತ್ತದೆ. ಬಳ್ಳಾರಿ, ರಾಯಚೂರಿನ ಏಪ್ರಿಲ್‌ನಲ್ಲಿ ಅದರ ಮೇಲೆ ಬರಿಗಾಲಿಡುವಂತಿಲ್ಲ.

ದೇವನಹಳ್ಳಿ ಕಡೆಯ ಸಾದರಹಳ್ಳಿಯ ಬೂದು ಗ್ರಾನೈಟು ಬೆಂಗಳೂರಿನವರಿಗೆ ಅಂಗೈಯಲ್ಲಿದ್ದ ಬೆಣ್ಣೆ. ಉಳಿಯಿಂದ ಸಾಲಾಗಿ ತೂತು ಕೊರೆದು, ಬೆಣೆ ಇಟ್ಟು ಸುತ್ತಿಗೆಯಲ್ಲಿ ಒಂದೊಂದೇ ಪೆಟ್ಟು ಕೊಡುತ್ತ ಹೋಗುವ ಕಲ್ಲುಕುಟಿಗನ ಕೈಯಲ್ಲಿ ಬಂಡೆ ನೆಟ್ಟಗೆ ಸೀಳುತ್ತದೆ. ಹೀಗೆ ಸೀಳಿದ ಚಪ್ಪಡಿಗಳೇ ಒಂದು ಕಾಲಕ್ಕೆ ಊರಿನ ಚರಂಡಿಗಳಿಗೆ ಮುಚ್ಚಳವಾಗಿದ್ದವು, ಬಯಲುಸೀಮೆಯ ಹೊಲದ ಬೇಲಿಗೆ ಕಂಬವಾಗಿದ್ದವು. ಅಂಗಳಕ್ಕೆ ಇದಕ್ಕಿಂತ ಬಾಳಿಕೆಯ ಕಲ್ಲಿಲ್ಲ. ಒಂದೇ ಷರತ್ತು, ಪಾಲಿಶ್ ಬೇಡ. ಹೊಳೆಯುವ ಗ್ರಾನೈಟನ್ನು ಮಳೆ ಬೀಳುವ ಕಡೆ ಹಾಕಿಸಿ ಸೊಂಟ ಮುರಿದುಕೊಂಡ ಹಿರಿಯರು ಪ್ರತಿ ಬಡಾವಣೆಯಲ್ಲೂ ಇದ್ದಾರೆ. ಉಳಿ ಪೆಟ್ಟಿನ ಮೈ ಅಥವಾ ಬೆಂಕಿಯಲ್ಲಿ ಸುಟ್ಟು ಒರಟು ಮಾಡಿದ ‘ಫ್ಲೇಮ್ಡ್’ ಮೈ ಕೇಳಿ ಪಡೆಯಿರಿ.

ಕರಾವಳಿಯಲ್ಲಿ ಮುರಕಲ್ಲು ಹೇರಳ. ಗೋಡೆಗೆ ಅದು ಸರಿ; ನೆಲಕ್ಕೆ ಹಾಸಿದರೆ ತೂತುಗಳಲ್ಲಿ ನೀರು ಕೂತು ಪಾಚಿ ಬೆಳೆಯುತ್ತದೆ. ಹಾಗಾಗಿ ಉಡುಪಿ, ದಕ್ಷಿಣ ಕನ್ನಡದ ಅಂಗಳಗಳಿಗೆ ಇಂಟರ್‌ಲಾಕ್ ಬಂದು ಕೂತಿದೆ. ಮಳೆಗಾಲ ಮುಗಿದೊಡನೆ ಅಂಗಳ ಕೆತ್ತಿ, ಮಣ್ಣು ಮೆತ್ತಿ, ಸಗಣಿ ಬಳಿಯುವ ಕೆಲಸಕ್ಕೆ ಆಳು ಸಿಗದಿದ್ದದ್ದೂ ಇದಕ್ಕೆ ಕಾರಣ. ಅಡಿಕೆ ಒಣಗಿಸುವ ಮಲೆನಾಡಿಗರ ಕಥೆಯೂ ಹೆಚ್ಚುಕಡಿಮೆ ಇದೇ.

ಇಂಟರ್‌ಲಾಕನ್ನು ಕೀಳಾಗಿ ನೋಡುವವರಿದ್ದಾರೆ. ನಾನು ಆ ಪೈಕಿ ಅಲ್ಲ. ನೀರಿನ ಪೈಪು ಒಡೆದರೆ ನಾಲ್ಕು ಬ್ಲಾಕ್ ಎಬ್ಬಿಸಿ, ರಿಪೇರಿ ಮಾಡಿ, ಅವನ್ನೇ ಮತ್ತೆ ಕೂರಿಸಬಹುದು. ಸಿಮೆಂಟಿನಲ್ಲಿ ಕೂರಿಸಿದ ಕಲ್ಲಿಗೆ ಈ ಸೌಕರ್ಯ ಇಲ್ಲ. ಸಂದುಗಳಲ್ಲಿ ಒಂದಿಷ್ಟು ನೀರೂ ಇಳಿಯುತ್ತದೆ. ಕೊಳ್ಳುವಾಗ ಮಾತ್ರ ಕಣ್ಣಿಟ್ಟು ಕೊಳ್ಳಬೇಕು. ಐಎಸ್ 15658 ಎಂಬ ಮಾನಕದ ಪ್ರಕಾರ ವಾಹನವಿಲ್ಲದ ಜಾಗಕ್ಕೆ ಎಂ-30 ದರ್ಜೆಯ 50 ಮಿ.ಮೀ. ದಪ್ಪ ಸಾಕು; ಕಾರು ನಿಲ್ಲುವಲ್ಲಿ ಎಂ-35 ದರ್ಜೆಯ 60 ಮಿ.ಮೀ. ಹಾಕಿಸುವುದು ಕ್ಷೇಮ. ಕಾಂಕ್ರೀಟು ಪೂರ್ತಿ ಗಟ್ಟಿಯಾಗಲು 28 ದಿನ ಬೇಕು, ಆದರೆ ಗಿರಾಕಿ ಅವಸರ ಮಾಡಿದರೆ ವಾರಕ್ಕೇ ಲೋಡ್ ಮಾಡಿ ಕಳಿಸುವ ಘಟಕಗಳಿವೆ. ಎರಡು ಬ್ಲಾಕನ್ನು ಒಂದಕ್ಕೊಂದು ತಟ್ಟಿ ನೋಡಿ. ಠಣ್ ಎಂದರೆ ಸರಿ, ಬೊದ್ದಾಗಿ ಸದ್ದು ಬಂದರೆ ಬಿಟ್ಟುಬಿಡಿ. ಮೊದಲ ಒಂದೆರಡು ವರ್ಷ ಮೈಮೇಲೆ ಬಿಳಿ ಉಪ್ಪು ಬಿಡುವುದು ಸಹಜ, ಮಳೆ ತೊಳೆದು ಹೋಗುತ್ತದೆ. ಕೆಂಪು, ಹಳದಿ ಬಣ್ಣಗಳು ಬಿಸಿಲಿಗೆ ಮಂಕಾಗುವುದೂ ಸಹಜ. ಬೂದು ಬಣ್ಣಕ್ಕೆ ಮಂಕಾಗುವ ಭಯವಿಲ್ಲ.

ಜೋಡಣೆಯ ದಿನ ಮನೆಯಲ್ಲೇ ಇರಿ. ಜಲ್ಲಿಯ ಮೇಲೆ ಎರಡು ಕಬ್ಬಿಣದ ಪೈಪುಗಳನ್ನು ಓಟಕ್ಕೆ ಸರಿಯಾಗಿ ಮಲಗಿಸಿ, ನಡುವೆ ಮರಳು ಹರಡಿ, ಪೈಪುಗಳ ಮೇಲೆ ಅಲ್ಯೂಮಿನಿಯಂ ಪಟ್ಟಿ ಇಟ್ಟು ಎಳೆಯುತ್ತಾರೆ. ಹಿಂದೆ ಉಳಿಯುವುದು ಒಂದರಿಂದ ಒಂದೂವರೆ ಇಂಚಿನ ನಯವಾದ ಹಾಸು. ಅದರ ಮೇಲೆ ಆಮೇಲೆ ಯಾರೂ ಕಾಲಿಡಬಾರದು. ಜೋಡಿಸಿದ ಬ್ಲಾಕುಗಳ ಮೇಲೆ ಕೂತೇ ಮುಂದಿನ ಸಾಲು ಇಡಬೇಕು. ಈ ಮರಳು ದಪ್ಪ ಎಂ-ಸ್ಯಾಂಡ್ ಆಗಿರಲಿ. ಅಗ್ಗಕ್ಕೆ ಸಿಗುತ್ತದೆಂದು ಕ್ರಷರ್ ಪುಡಿ ಹಾಕಿದರೆ ಅದು ನೀರು ಹಿಡಿದುಕೊಂಡು ಕೆಸರಾಗಿ ಸಂದುಗಳಿಂದ ಮೇಲೆ ಉಕ್ಕುತ್ತದೆ. ಕಾರು ಹಾಯುವ ಕಡೆ ಇಟ್ಟಿಗೆಯಾಕಾರದ ಬ್ಲಾಕುಗಳನ್ನು ಒಂದಕ್ಕೊಂದು ಅಡ್ಡ ಬರುವಂತೆ ಹೆರಿಂಗ್‌ಬೋನ್ ಮಾದರಿಯಲ್ಲಿ ಹೆಣೆಸಿ. ಚಕ್ರ ತಿರುಗುವ ಒತ್ತಡಕ್ಕೆ ಅವು ಜರುಗುವುದಿಲ್ಲ. ಸುತ್ತಲೂ ಅಂಚುಗಲ್ಲನ್ನು ಕಾಂಕ್ರೀಟಿನಲ್ಲಿ ಕೂರಿಸದಿದ್ದರೆ ಇಷ್ಟೆಲ್ಲ ಮಾಡಿಯೂ ದಂಡ, ಹೊರಗಿನ ಸಾಲಿನಿಂದ ಬಿಚ್ಚಿಕೊಳ್ಳಲು ಶುರುವಾಗುತ್ತದೆ. ಕೊನೆಗೆ ಒಣಗಿದ ಸಣ್ಣ ಮರಳನ್ನು ಮೇಲೆ ಚೆಲ್ಲಿ, ಗುಡಿಸಿ, ಪ್ಲೇಟ್ ಯಂತ್ರ ಓಡಿಸುತ್ತಾರೆ. ನಡುಗಿದಷ್ಟೂ ಮರಳು ಸಂದಿಗಿಳಿಯುತ್ತದೆ. ಮತ್ತೆ ಚೆಲ್ಲಿ ಮತ್ತೆ ಓಡಿಸಬೇಕು. ಬ್ಲಾಕುಗಳನ್ನು ಬಿಗಿಯಾಗಿ ಹಿಡಿಯುವುದು ಈ ಮರಳೇ. ‘ಮಳೆ ಬಂದ್ರೆ ತಾನೇ ಇಳಿಯುತ್ತೆ ಬಿಡಿ ಸಾರ್’ ಎಂದರೆ ಬಿಡಬೇಡಿ.

ಸಾಮಾನಿನ ಅಂದಾಜು ಬೇಕಾದವರಿಗೆ: ಮೇಲೆ ಹೇಳಿದ 300 ಚದರ ಅಡಿಗೆ ಎಂಟು ಇಂಚು ಚಿಲ್ಲರೆ ಅಗೆಯಬೇಕು. ಅಗೆದ ಮಣ್ಣು ಸಡಿಲಗೊಂಡು ಹೆಚ್ಚುವುದರಿಂದ ಎರಡೂವರೆಯಿಂದ ಮೂರು ಟ್ರ್ಯಾಕ್ಟರ್ ಲೋಡು ಆದೀತು. ಮೇಲ್ಮಣ್ಣನ್ನು ಗಿಡಗಳಿಗೆ ಉಳಿಸಿಕೊಳ್ಳಿ. ಐದು ಇಂಚಿನ ಹಾಸಿಗೆ ಒಂದೂವರೆ ಯೂನಿಟ್, ಅಂದರೆ 150 ಘನ ಅಡಿ ಜಲ್ಲಿ. ಹಾಸಿಗೆ, ಸಂದಿಗೆ ಸೇರಿ 45 ಘನ ಅಡಿ ಮರಳು. 200 ಮಿ.ಮೀ. ಉದ್ದ, 100 ಮಿ.ಮೀ. ಅಗಲದ ಬ್ಲಾಕು ಚದರ ಮೀಟರಿಗೆ 50ರಂತೆ 1,400. ಕತ್ತರಿಸುವಾಗ ಒಡೆಯುವುದೂ ಸೇರಿ ಶೇ 5ರಷ್ಟು ಹೆಚ್ಚಿಗೆ ತರಿಸಿ. ಉಳಿದವನ್ನು ಮಾರದೆ ಹಿತ್ತಲಲ್ಲಿ ಪೇರಿಸಿಡಿ, ಐದು ವರ್ಷದ ಮೇಲೆ ಅದೇ ಅಚ್ಚು ಸಿಗುವುದಿಲ್ಲ.

ಮುಚ್ಚುವ ಮುನ್ನ ನೆಲದೊಳಗೆ ಏನೇನು ಹೋಗಬೇಕೋ ಎಲ್ಲ ಹೋಗಿರಲಿ. ಗೇಟಿನ ದೀಪಕ್ಕೆ, ಕ್ಯಾಮೆರಾಗೆ, ಮುಂದೆಂದೋ ಎಲೆಕ್ಟ್ರಿಕ್ ಕಾರಿನ ಚಾರ್ಜರಿಗೆ ಎಂದು ಒಂದೆರಡು ಖಾಲಿ ಪೈಪು ಹೂಳಿಸಿಡಿ. ಸಂಪಿನ ಮುಚ್ಚಳ, ಚೇಂಬರಿನ ಮುಚ್ಚಳ ಹೊಸ ಮಟ್ಟಕ್ಕೆ ಏರಬೇಕು. ಅವುಗಳ ಮೇಲೆ ಬ್ಲಾಕ್ ಹಾಸಿ ಮುಚ್ಚಿಬಿಡುವ ಬುದ್ಧಿವಂತರೂ ಇದ್ದಾರೆ. ಕಾರು ಸಂಪಿನ ಮೇಲೆ ನಿಲ್ಲುವುದಾದರೆ ಅದರ ಚಾವಣಿ ಆ ಭಾರಕ್ಕೆ ಕಟ್ಟಿದ್ದೇ ಎಂದು ಇಂಜಿನಿಯರನ್ನು ಕೇಳಿ.

ಮರವಿದ್ದರೆ ಅದರ ಸುತ್ತ ಕನಿಷ್ಠ ಒಂದು ಮೀಟರ್ ಮಣ್ಣು ಬಿಡಿ. 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೆಹಲಿಯ ಮರಗಳ ಬುಡದಿಂದ ಇಷ್ಟೇ ದೂರದ ಕಾಂಕ್ರೀಟ್ ಕಿತ್ತುಹಾಕಲು ಹೇಳಿತ್ತು. ಹೊಂಗೆಯ ನೆರಳಿನಲ್ಲಿ ಅಂಗಳ ಮಾಡಿಸಿಕೊಂಡು, ಹೂವು ಉದುರುತ್ತದೆ ಎಂದು ಮರ ಕಡಿಸುವವರಿಗೆ ಏನು ಹೇಳುವುದೋ ತಿಳಿಯದು.

ಪಾಚಿಯ ಕಾಟ ಮಲೆನಾಡು, ಕರಾವಳಿಯಲ್ಲಿ ತಪ್ಪಿದ್ದಲ್ಲ. ಅಲ್ಲಿನವರು ಮಳೆಗಾಲದಲ್ಲಿ ಅಂಗಳದ ಓಡಾಟದ ದಾರಿಗೆ ಅಡಿಕೆ ದಬ್ಬೆ ಹಾಸುವುದು ಅನುಭವದ ಮಾತು. ಗಡುಸು ಪೊರಕೆಯಲ್ಲಿ ಬ್ಲೀಚಿಂಗ್ ಪುಡಿಯ ನೀರು ಹಾಕಿ ಉಜ್ಜಿದರೆ ಪಾಚಿ ಬಿಡುತ್ತದೆ, ಆದರೆ ಆ ನೀರು ಗಿಡಗಳ ಪಾತಿಗೂ ಇಂಗುಬಾವಿಗೂ ಇಳಿಯಬಾರದು. ಜೋರು ಒತ್ತಡದ ನೀರಿನ ಯಂತ್ರ ತಂದವರು ಸಂದಿನ ಮರಳನ್ನೂ ತೊಳೆದು ಕಳಿಸುತ್ತಾರೆ; ಆಮೇಲೆ ಮತ್ತೆ ತುಂಬಿಸುವುದನ್ನು ಮರೆಯುತ್ತಾರೆ.

ದೀಪಾವಳಿ ಕಳೆದು ಶಿವರಾತ್ರಿಯೊಳಗೆ ಮಾಡಿಸಲು ಒಳ್ಳೆಯ ಕಾಲ: ನೆಲ ಒಣಗಿರುತ್ತದೆ, ಬಿಸಿಲು ಅತಿಯಾಗಿರುವುದಿಲ್ಲ, ಮುಂಗಾರಿಗೆ ಮುನ್ನ ತಪ್ಪು ತಿದ್ದಿಕೊಳ್ಳಲು ಸಮಯವೂ ಉಳಿಯುತ್ತದೆ. ಮೇಸ್ತ್ರಿಗೆ ಕೊನೆಯ ಕಂತು ಕೊಡುವ ಮುನ್ನ ನಾಲ್ಕು ಬಕೆಟ್ ನೀರನ್ನು ಗೋಡೆಯ ಬುಡದಿಂದ ಸುರಿಯಿರಿ. ಕಾಲು ಗಂಟೆ ಬಿಟ್ಟು ನೋಡಿದಾಗ ಎಲ್ಲಾದರೂ ನೀರು ಮಡುಗಟ್ಟಿದ್ದರೆ ಅಲ್ಲಿಗೊಂದು ಸುಣ್ಣದ ಗುರುತು ಹಾಕಿ, ಅಷ್ಟನ್ನು ಎಬ್ಬಿಸಿ ಮರಳು ಸರಿಮಾಡಿಸಿ. ಹಣ ಆಮೇಲೆ ಕೊಡಿ.